ಅಟ್ಟದ ಮೂಟೆಯ ಕೌದಿ

ಮಂಡಿ ಮೊಹಲ್ಲಾದ ಟೈಲರ್ ಸದಾಶಿವಯ್ಯನವರ ಹೆಂಡತಿ ಸಿದ್ದಲಿಂಗಮ್ಮನಿಗೆ ಗಂಡನ ವಿಷಯದಲ್ಲಿ ಒಂದೇ ಒಂದು ಹೆಮ್ಮೆ. ಅವರು ರೂಪವಂತರಲ್ಲ, ಮಾತುಗಾರರಂತೂ ಅಲ್ಲವೇ ಅಲ್ಲ. ಬಾಯಲ್ಲಿ ಸದಾ ಒಂದೆಳೆ ದಾರ ಕಚ್ಚಿಕೊಂಡಿರುವವರು ಮಾತಾಡುವುದಾದರೂ ಹೇಗೆ? ಆದರೆ ಪ್ರಾಮಾಣಿಕರು. "ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತಾರೆ, ದರ್ಜಿಗಳನ್ನೂ ಅದೇ ಸಾಲಿಗೆ ಸೇರಿಸ್ತಾರೆ. ನಮ್ಮ ಯಜಮಾನ್ರು ಮಾತ್ರ ಗಿರಾಕಿ ಬಟ್ಟೇಲಿ ಬೆರಳಗಲ ಇಟ್ಕೊಂಡೋರಲ್ಲ ಕಣ್ರೀ," ಎಂದು ಬೀದಿ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ಆಕೆ ಹೇಳದ ದಿನವಿಲ್ಲ. ಕೇಳಿ ಕೇಳಿ ಬೀದಿಯೂ ನಂಬಿತ್ತು. ಅಂಗಡಿ ನಡೆಯುತ್ತಿದ್ದುದು ಅರ್ಧ ಸದಾಶಿವಯ್ಯನವರ ಕೈಯಿಂದ, ಅರ್ಧ ಸಿದ್ದಲಿಂಗಮ್ಮನ ಬಾಯಿಂದ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಆ ಸಲ ದೀಪಾವಳಿ ಮುಗಿಯುತ್ತಿದ್ದಂತೆ ಚಳಿ ಹಿಡಿದುಕೊಂಡಿತು. ಅನಾಥಾಲಯದ ಮಕ್ಕಳು ಬರಿ ಚಾಪೆಯ ಮೇಲೆ ಮಲಗುತ್ತಿದ್ದಾರೆ, ಬೀದಿಗೊಂದು ಕೌದಿ ಹೊಲಿದುಕೊಡಿ ಎಂದು ಮಹಿಳಾ ಸಮಾಜದವರು ಹೇಳಿಕಳಿಸಿದರು.

"ಟೈಲರ್ ಮನೆ ಇಟ್ಕೊಂಡು ನಾವು ಯಾರ ಹತ್ರ ಚಿಂದಿ ಬೇಡೋಣ?" ಅಂದರು ದಾಕ್ಷಾಯಣಮ್ಮ. ಬೆಲ್ಲದ ಮಂಡಿ ಸಿದ್ದಮಲ್ಲಪ್ಪನವರ ಹೆಂಡತಿ. ಅವರು ಅಂದದ್ದು ಬೀದಿಯಲ್ಲಿ ಆದಂತೆಯೇ.

ಸಿದ್ದಲಿಂಗಮ್ಮ ಕುಣಿಯುತ್ತಾ ಒಪ್ಪಿಕೊಂಡಳು. ಆದರೆ ಮಿಷನ್ನಿನ ಕೆಳಗೆ ಗುಡಿಸಿ ನೋಡಿದರೆ ಸಿಕ್ಕಿದ್ದೆಲ್ಲ ಬೆರಳುದ್ದದ ಚೂರು, ಗೊಂಬೆಯ ಲಂಗಕ್ಕೂ ಸಾಲದು. ಕೌದಿಯ ಅಡಿಗೆ ಹಾಕಲು ಹಳೆ ಸೀರೆ ಹುಡುಕಿಕೊಂಡು ಅಟ್ಟ ಹತ್ತಿದಾಗ ತಾಮ್ರದ ಹಂಡೆಯ ಹಿಂದೆ ಒಂದು ಮೂಟೆ ಕಂಡಿತು. ಬಿಚ್ಚಿದರೆ ಗೇಣಗಲದ ಒಳ್ಳೊಳ್ಳೆ ಪಟ್ಟಿಗಳು, ಒಂದೊಂದನ್ನೂ ಮಡಿಸಿ ಇಟ್ಟಿದೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟೊಂದು ಎಲ್ಲಿಂದ ಬಂತು ಅಂತ ಕೇಳುತ್ತಿದ್ದರು. ಹೆಮ್ಮೆ ಅನ್ನೋದು ಕಣ್ಣಿನ ಪೊರೆ ಇದ್ದ ಹಾಗೆ. ಆಕೆಗೆ ಕಂಡದ್ದು ಬಣ್ಣ ಮಾತ್ರ.

"ಏನ್ರೀ, ಅಟ್ಟದ ಮೂಟೆ ಕೌದಿಗೆ ತಗೊಳ್ಲಾ?" ಎಂದು ಕೇಳಿದಳು. ಮಿಷನ್ ತುಳಿಯುತ್ತಿದ್ದ ಸದಾಶಿವಯ್ಯನವರು "ಹೂಂ" ಅಂದರು. ದಾರ ಬಾಯಲ್ಲಿದ್ದಾಗ ಅವರು ಯಾವುದಕ್ಕೂ ಹೂಂ ಅನ್ನುವವರೇ.

ವಾರವೆಲ್ಲ ಮಧ್ಯಾಹ್ನ ಕೂತು ಸಿದ್ದಲಿಂಗಮ್ಮ ಪಟ್ಟಿಗೆ ಪಟ್ಟಿ ಕೂಡಿಸಿದಳು. ಚೌಕಳಿಯ ಪಕ್ಕ ಹೂವಿನ ಚೀಟಿ ಬಟ್ಟೆ, ಅದರ ಪಕ್ಕ ಖಾಕಿ. ಬೂದು ಬಣ್ಣದ ಉಣ್ಣೆ ಪಟ್ಟಿ ದಪ್ಪ ಅಂತ ಅಂಚಿಗೆ ಹಾಕಿದಳು. ಒಂದಕ್ಕೊಂದು ಹೊಂದಿಕೆಯೇ ಇಲ್ಲ, ಆದರೂ ಸಂತೆಗೆ ಬಂದ ಜನದ ಹಾಗೆ ಒಟ್ಟಿಗೆ ನಿಂತಾಗ ಏನೋ ಒಂದು ಕಳೆ. ಕೆಳಗೆ ಸೀರೆ ಹಾಸಿ, ದಾರ ಓಡಿಸುವ ಕೆಲಸಕ್ಕೆ ಭಾನುವಾರ ಬೀದಿಯ ಹೆಂಗಸರನ್ನೆಲ್ಲ ಕರೆದಳು.

ಹೆಂಗಸರು ಹಜಾರದಲ್ಲಿ ಕೌದಿಯ ನಾಲ್ಕೂ ಕಡೆ ಕೂತು ಸೂಜಿ ಹಿಡಿದರು. ಎದುರುಮನೆ ಸರೋಜಮ್ಮನ ಸೂಜಿ ಇದ್ದಕ್ಕಿದ್ದಂತೆ ನಿಂತಿತು.

"ಇದು ನಮ್ಮ ಸುಂದರೇಶನ ಅಂಗಿ ಬಟ್ಟೆ ಅಲ್ವಾ?"

"ಮಿಕ್ಕಿದ್ದಿರಬೇಕು ಬಿಡಿ," ಅಂದಳು ಸಿದ್ದಲಿಂಗಮ್ಮ, ಖುಷಿಯಾಗಿಯೇ.

"ಎಂಗೆ ಮಿಗ್ತದೆ? ಬಟ್ಟೆ ಸಾಲ್ದು ಅಂತಾನೇ ತಾನೇ ಅವನ ತೋಳು ಮೊಣಕೈಗೇ ನಿಲ್ಲಿಸ್ಬುಟ್ಟಿದ್ದು?"

ಎಲ್ಲರೂ ತಮ್ಮ ತಮ್ಮ ಮುಂದಿನ ಪಟ್ಟಿ ನೋಡಿಕೊಂಡರು. ಒಬ್ಬಳಿಗೆ ಮಗಳ ಲಂಗ ಸಿಕ್ಕಿತು, ಇನ್ನೊಬ್ಬಳಿಗೆ ತನ್ನದೇ ಕುಪ್ಪಸ. ದಾಕ್ಷಾಯಣಮ್ಮ ಅಂಚಿನ ಬೂದು ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದು ನಮ್ಮನೆಯವರ ಕೋಟು."

ಆ ಕೋಟಿನ ಕಥೆ ಬೀದಿಗೆಲ್ಲ ಗೊತ್ತು. ಎರಡು ವರ್ಷದ ಹಿಂದೆ ಮಗಳ ಮದುವೆಗೆ ಹೊಲಿಸಿದ್ದು, ಹೊಟ್ಟೆಯ ಹತ್ತಿರ ಗುಂಡಿ ಸೇರಲಿಲ್ಲ. ಬಟ್ಟೆ ಇದ್ದದ್ದೇ ಅಷ್ಟು ಅಂದರು ಸದಾಶಿವಯ್ಯನವರು. ಹಾಗಾದರೆ ತಪ್ಪು ಹೊಟ್ಟೆಯದೇ ಎಂದು ತೀರ್ಮಾನಿಸಿ ದಾಕ್ಷಾಯಣಮ್ಮ ಅವತ್ತಿನಿಂದ ಗಂಡನಿಗೆ ತುಪ್ಪ ನಿಲ್ಲಿಸಿದ್ದರು. ಪಾಪ ಸಿದ್ದಮಲ್ಲಪ್ಪನವರು ಹಬ್ಬದಲ್ಲೂ ಒಣ ಹೋಳಿಗೆ ತಿನ್ನುತ್ತಿದ್ದರು.

ಅವರಿಗೂ ಕರೆ ಹೋಯಿತು. ಗುಂಡಿ ಬಿಚ್ಚಿದ ಅದೇ ಕೋಟಿನಲ್ಲಿ ಬಂದರು. ಭೂಮಿ ಬಾಯಿ ಬಿಟ್ಟಿದ್ದರೆ ಸಿದ್ದಲಿಂಗಮ್ಮ ಇಳಿದುಬಿಡುತ್ತಿದ್ದಳು. ಬಟ್ಟೆಗಿಂತ ಹೆಚ್ಚಾಗಿ ಆಕೆಯನ್ನು ಸುಡುತ್ತಿದ್ದುದು ನಲ್ಲಿಯ ಮುಂದೆ ಆಡಿದ ಮಾತುಗಳು. ಅಂಗಡಿಯಿಂದ ಗಂಡನನ್ನು ತಾನೇ ಕರೆತಂದು ನಿಲ್ಲಿಸಿ ಕೇಳಿದಳು: "ಇವೆಲ್ಲ ಯಾರ ಬಟ್ಟೆ, ಹೇಳಿ."

ಸದಾಶಿವಯ್ಯನವರು ಬಾಯಿಂದ ದಾರ ತೆಗೆದರು.

"ಇವರೆಲ್ಲರದೂ. ಕತ್ತರಿ ಹಾಕೋಕೆ ಮುಂಚೆ ಒಂದು ಗೇಣು ಬೇರೆ ಇಡು, ಕೈ ತಪ್ಪಿದ್ರೆ ತೇಪೆಗಾಗುತ್ತೆ ಅಂತ ನಮ್ಮ ಗುರುಗಳು ಕಲಿಸಿದ್ರು. ಹೆದರ್ಕೊಂಡು ಇಡ್ತಾ ಬಂದೆ. ಕೈ ತಪ್ಪಲಿಲ್ಲ, ಬಟ್ಟೆ ಉಳೀತು. ಸಾಲದು ಅಂದ್ಮೇಲೆ ವಾಪಸ್ ಕೊಡೋಕೆ ಮುಖ ಇರ್ಲಿಲ್ಲ. ಒಂದು ಚೂರೂ ಮಾರಿಲ್ಲ. ಆದ್ರೂ ತಪ್ಪೇ."

ಸಿದ್ದಮಲ್ಲಪ್ಪನವರು ಬೂದು ಪಟ್ಟಿಯನ್ನು ಹೊಟ್ಟೆಯ ಮೇಲಿಟ್ಟು ನೋಡಿಕೊಂಡರು. ಸರಿಯಾಗಿ ಕೂತಿತು.

"ಬಟ್ಟೆ ಹೋದ್ರೆ ಹೋಗ್ಲಿ ಸದಾಶಿವಯ್ಯನೋರೆ," ಅಂದರು. "ನನ್ನ ಎರಡು ವರ್ಷದ ತುಪ್ಪಕ್ಕೆ ಯಾರು ದಿಕ್ಕು?"

ಮೊದಲು ನಕ್ಕವಳು ಸರೋಜಮ್ಮ. ಆಮೇಲೆ ಹಜಾರವೇ ನಕ್ಕಿತು. ದಾಕ್ಷಾಯಣಮ್ಮ ಸೆರಗು ಬಾಯಿಗಿಟ್ಟುಕೊಂಡರು. ಸಿದ್ದಲಿಂಗಮ್ಮ ಮಾತ್ರ ಅಳುತ್ತಾ ಕತ್ತರಿ ತಂದು, ಎಲ್ಲರ ಬಟ್ಟೆಯನ್ನೂ ಬಿಚ್ಚಿಕೊಡುತ್ತೇನೆಂದು ಕೂತಳು. ಸರೋಜಮ್ಮ ಕತ್ತರಿ ಕಿತ್ತುಕೊಂಡಳು. "ಈಗ ಬಿಚ್ಚಿದ್ರೆ ನನ್ನ ಮಗನ ತೋಳು ಉದ್ದ ಆಗ್ತದಾ? ಆ ಮಕ್ಕಳು ಬೆಚ್ಚಗೆ ಮಲೀಕೊಳ್ಳಲಿ, ಹೊಲಿ ಕಣಮ್ಮ."

ಕೌದಿ ಅನಾಥಾಲಯ ಸೇರಿತು. ಆದರೆ ಸಿದ್ದಲಿಂಗಮ್ಮನ ಬಾಯಿ ಕಟ್ಟಿಹೋಯಿತು. ನಲ್ಲಿಯ ಮುಂದೆ ಸುಮ್ಮನೆ ನೀರು ಹಿಡಿದು ಸುಮ್ಮನೆ ಬರುತ್ತಿದ್ದಳು. ನಗುವುದು ಬೇರೆ, ಮತ್ತೆ ಬಟ್ಟೆ ತಂದು ಕೈಗೆ ಕೊಡುವುದು ಬೇರೆ. ಮುಂದೆ ಮದುವೆಯ ಕಾಲ, ಆದರೂ ಅಂಗಡಿಗೆ ಬರುವ ಜನ ಕಮ್ಮಿಯಾಗಿದ್ದರು.

ಒಂದು ದಿನ ದಾಕ್ಷಾಯಣಮ್ಮ ಹೊಸ ಕೋಟಿನ ಬಟ್ಟೆ ತಂದು ಹಲಗೆಯ ಮೇಲಿಟ್ಟರು. "ಸಾಲುತ್ತಾ ನೋಡಿ."

ಸದಾಶಿವಯ್ಯನವರು ಅಳೆದರು. ಹಳೆ ಅಭ್ಯಾಸಕ್ಕೆ "ಸಾ..." ಅಂದು ತಡೆದು, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿದರು. "ಸಾಲುತ್ತಮ್ಮ. ಒಂದು ಗೇಣು ಮಿಗುತ್ತೆ ಕೂಡ."

ಕೋಟಿನ ಜೊತೆಗೆ ಆ ಗೇಣು ಬಟ್ಟೆಯನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು. ಗುಂಡಿಗಳೆಲ್ಲ ಲಕ್ಷಣವಾಗಿ ಸೇರಿದವು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ನಲ್ಲಿಯ ಮುಂದೆ ಬೀದಿಯೆಲ್ಲ ಸೇರಿದ್ದಾಗ, ದಾಕ್ಷಾಯಣಮ್ಮ ಕೋಟನ್ನೂ ಕಾಗದದ ಪೊಟ್ಟಣವನ್ನೂ ಹಿಡಿದುಕೊಂಡು ಬಂದರು. ಸಿದ್ದಲಿಂಗಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಗುಂಡಿ ಸೇರ್ತಿಲ್ಲ ಕಣಮ್ಮ," ಅಂದರು ದಾಕ್ಷಾಯಣಮ್ಮ, ಎಲ್ಲರಿಗೂ ಕೇಳುವ ಹಾಗೆ. "ಈ ಸಲ ತಪ್ಪು ನನ್ನ ತುಪ್ಪದ್ದು. ಬಟ್ಟೇಲಿ ನಿಮ್ಮ ಯಜಮಾನ್ರು ಬೆರಳಗಲಾನೂ ಇಟ್ಕೊಂಡಿಲ್ಲ. ಈ ಗೇಣು ಸೇರಿಸಿ ಸ್ವಲ್ಪ ಸಡಿಲ ಮಾಡಿಸ್ಕೊಡು."

ಸಿದ್ದಲಿಂಗಮ್ಮ ಪೊಟ್ಟಣ ಎದೆಗವಚಿಕೊಂಡು ಮನೆಯ ಕಡೆ ನಡೆದಳು. ತುಂಬಿದ ಬಿಂದಿಗೆ ನಲ್ಲಿಯ ಕೆಳಗೇ ಉಳಿಯಿತು. ಅದನ್ನು ಸರೋಜಮ್ಮ ಸೊಂಟಕ್ಕಿಟ್ಟುಕೊಂಡು ಹಿಂದೆಯೇ ಹೋದಳು.