ಬಾ ಅನ್ನುವ ಮಾತು

ಫೋನಿನಲ್ಲಿ ಮತ್ತೆ ಕೆಂಪು ಗೆರೆ ಬಂತು. ಮೈಲಮ್ಮ ಅದನ್ನು ಮಗಳ ಕಡೆ ತಿರುಗಿಸಿ, ಈಗ ನಾನು ಏನಂದೆ ಎಂದು ಕೇಳಿದಳು. ನಾಯಿ ಅಂದೆ ಎಂದಳು ಶಾಂತಲಾ.

ಥಾಯ್ ಭಾಷೆಯಲ್ಲಿ 'ಮಾ' ಎಂದರೆ ಬಾ. ಆದರೆ ದನಿ ಸಮನಾಗಿರಬೇಕು. ಕೊನೆಯಲ್ಲಿ ಮೇಲಕ್ಕೆ ಎಳೆದರೆ ಅದೇ ಮಾತು ನಾಯಿಯಾಗುತ್ತದೆ. ದನಿ ಏರಿಳಿದದ್ದನ್ನು ಫೋನಿನಲ್ಲಿದ್ದ ಭಾಷೆ ಕಲಿಸುವ ಆ್ಯಪ್ ಗೆರೆಯಾಗಿ ತೋರಿಸುತ್ತಿತ್ತು. ಮೈಲಮ್ಮನ ಗೆರೆ ಪ್ರತಿ ಸಲವೂ ತುದಿಯಲ್ಲಿ ಬಾಲ ಎತ್ತುತ್ತಿತ್ತು.

"ಹೊಳೆ ಆಚೆ ಇರೋರನ್ನ ಕರ್ದಂಗೆ ಕರೀತೀಯಲ್ಲವ್ವ. ಪಕ್ಕದಾಗೆ ಕುಂತೋರಿಗೆ ಹೇಳ್ದಂಗೆ ಹೇಳು." ಹತ್ತಿರದ ಕರೂರಿನ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ಆಗಷ್ಟೇ ಹರಿಹರಕ್ಕೆ ಮರಳಿದ್ದ ಶಾಂತಲಾ ಇನ್ನೂ ಮುಖವನ್ನೂ ತೊಳೆದಿರಲಿಲ್ಲ.

ಮಗ ಅಶ್ವಥ್ ಬ್ಯಾಂಕಾಕಿನ ಹೋಟೆಲೊಂದರಲ್ಲಿ ಅಡುಗೆಯವನು. ಜೊತೆಗೆ ಕೆಲಸ ಮಾಡುತ್ತಿದ್ದ ವಿಪಾಳನ್ನು ಅಲ್ಲೇ ಮದುವೆಯಾದೆನೆಂದು ಅವನು ಹೇಳಿದ ದಿನ, ಆಕೆಯನ್ನು ನನ್ನ ಹೊಸ್ತಿಲಿಗೆ ಕರೆತರಬೇಡ ಎಂದಿದ್ದವಳು ಮೈಲಮ್ಮನೇ. ವಿಡಿಯೊ ಕರೆಯಲ್ಲಿ ಆಡಿದ ಮಾತು. ಮಗನ ಹಿಂದೆ ನಿಂತಿದ್ದ ಹುಡುಗಿಗೆ ಭಾಷೆ ತಿಳಿಯದಿದ್ದರೂ ಮುಖ ಸಣ್ಣಗಾಗಿತ್ತು. ಆ ಮುಖ ಮೈಲಮ್ಮನ ಕಣ್ಣಿನಿಂದ ಹೋಗಿರಲಿಲ್ಲ. ಕೊನೆಗೆ ತಾನೇ ಮಗನಿಗೆ ಫೋನ್ ಮಾಡಿ ಇಬ್ಬರೂ ಬನ್ನಿ ಎಂದಿದ್ದಳು.

ಅಣ್ಣ ಇದ್ದೇ ಇರುತ್ತಾನಲ್ಲ, ಅವನೇ ತಿಳಿಸಿ ಹೇಳುತ್ತಾನೆ, ನೀನು ಯಾಕೆ ಇಷ್ಟು ಒದ್ದಾಡುವುದು ಎಂದು ಶಾಂತಲಾ ಕೇಳಿದಳು.

"ಬರಬ್ಯಾಡ ಅಂದಾಕಿ ನಾನು," ಅಂದಳು ಮೈಲಮ್ಮ. "ಬಾ ಅನ್ನೋದೂ ನನ್ ಬಾಯಾಗೇ ಬರಬೇಕು."

ಆ ವಾರವೆಲ್ಲ ರೊಟ್ಟಿ ಬಡಿಯುವಾಗಲೂ ಫೋನು ಒಲೆಯ ಪಕ್ಕದಲ್ಲೇ ಇರುತ್ತಿತ್ತು. ಶನಿವಾರದ ಹೊತ್ತಿಗೆ ಗೆರೆ ಆಗಾಗ ಹಸಿರಾಗತೊಡಗಿತು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಆಟೊ ನಿಂತಿತು. ಅಶ್ವಥ್ ಬ್ಯಾಗು ಇಳಿಸುತ್ತಿದ್ದ. ವಿಪಾ ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ಕೈಮುಗಿದು ನಿಂತಳು. ಒಳಗೆ ಕಾಲಿಡಲಿಲ್ಲ.

ಮೈಲಮ್ಮ ಬಾಯಿ ತೆರೆದಳು. "ಮಾ" ಎಂದದ್ದು ಅಳುವಿನ ಜೊತೆ ಮೇಲೆದ್ದುಬಿಟ್ಟಿತು. ಆರತಿ ತಟ್ಟೆ ಹಿಡಿದಿದ್ದ ಶಾಂತಲಾ ಕಣ್ಣು ಮುಚ್ಚಿಕೊಂಡಳು. ಅಶ್ವಥ್ ಬ್ಯಾಗು ಹಿಡಿದವನು ಹಾಗೇ ನಿಂತ.

ವಿಪಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ತಾನೂ ತನ್ನ ಫೋನಿನಲ್ಲಿ ಒಂದೆರಡು ಮಾತು ಕಲಿತು ಬಂದಿದ್ದಳು.

"ಬರ್ತೀನಿ, ಅಮ್ಮಾ," ಎಂದಳು.

ಹೊರಟು ನಿಂತವರು ಹೇಳುವ ಮಾತು. ಮೈಲಮ್ಮ ಗಾಬರಿಯಿಂದ ಹೊಸ್ತಿಲು ದಾಟಿ ಅವಳ ಬಲಗೈಯ ಮಣಿಕಟ್ಟು ಹಿಡಿದುಕೊಂಡಳು. ಆರತಿ ಶಾಂತಲಾಳ ಕೈಯಲ್ಲೇ ಉಳಿಯಿತು. ಒಳಗೆ ಚಾಪೆಯ ಮೇಲೆ ಕೂತ ಮೇಲೂ ಮೈಲಮ್ಮ ಕೈ ಬಿಟ್ಟಿರಲಿಲ್ಲ. ವಿಪಾ ಎಡಗೈಯಲ್ಲೇ ಚಹಾದ ಲೋಟ ಎತ್ತಿಕೊಂಡಳು.