ತೆಳ್ಳನೆಯ ಎಳೆ

ಉತ್ತರ ದೇಶದ ಬೇಸಿಗೆಯ ಸಂಜೆಗೆ ಬೇಗ ಮುಗಿಯುವುದು ಗೊತ್ತಿಲ್ಲ. ಸೂರ್ಯ ಗುಡ್ಡದ ಹಿಂದೆ ಸರಿದ ಮೇಲೂ ಬೆಳಕು, ಬಾಗಿಲವರೆಗೆ ಬಂದು ಮತ್ತೆ ಮಾತಿಗೆ ನಿಂತವರಂತೆ, ಟ್ವೀಡ್ ನದಿಯ ಮೇಲೆ ತಡವರಿಸುತ್ತಿತ್ತು. ದಂಡೆಯ ಮರಗಳ ನೆರಳು ನೀರಿಗಿಳಿದು ಹಸಿರೋ ಕಪ್ಪೋ ತಿಳಿಯದ ವಿಷಾದವರ್ಣವಾಗಿ ಹರಡಿತ್ತು. ಆ ವರ್ಷ ಮಳೆಯಿಲ್ಲದೆ ನದಿ ಸೊರಗಿತ್ತು. ಎಂದೂ ಕಾಣದ ಬಂಡೆಗಳು ಮೂಳೆಗಳಂತೆ ಎದ್ದಿದ್ದವು. ನೀರಿಗೆ ಕೈಯಿಟ್ಟರೆ ಕೊರೆಯುವ ಶೈತ್ಯದ ಬದಲು ಜ್ವರದ ಹಣೆಯಂಥ ಬಿಸುಪು…

ಕೈಬಲೆ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ಎಲ್ಸ್‌ಪೆತ್‌ಗೆ ಆ ಬಿಸುಪೇ ದಿಗಿಲು ಹುಟ್ಟಿಸಿತು. ಬರಲಿರುವುದನ್ನೆಲ್ಲ ಮುಂಚಿತವಾಗಿ ಕಂಡು ಹೆದರುವ ಸ್ವಭಾವ ಅವಳದು. ದೂರದ ಆರ್ಕ್ನಿ ದ್ವೀಪದ ಶಾಲೆಯೊಂದು ಅವಳನ್ನು ಪಾಠ ಹೇಳಲು ಕರೆದಿತ್ತು. ನಾಳೆ ಉತ್ತರ ಕೊಡಬೇಕು. ಪಕ್ಕದಲ್ಲೇ ಗಾಳ ಬೀಸುತ್ತಿದ್ದ ಮರ್ಡೋ ಹೋಗಬೇಡವೆಂದರೆ ನಿಲ್ಲುವಳು. ಆದರೆ ಅವನು ಮದುವೆಯನ್ನು ವಸಂತದಿಂದ ವಸಂತಕ್ಕೆ ಮುಂದೂಡುತ್ತಲೇ ಬಂದಿದ್ದ. ಅದೂ ಎಷ್ಟು ಮೃದುವಾಗಿ! ಕೇಳಿದಾಗಲೆಲ್ಲ ಹೂಗುಚ್ಛ, ಕ್ಷಮೆ, ಹಣೆಗೊಂದು ಮುತ್ತು.

"ಇವತ್ತಾದ್ರೂ ಹೇಳ್ತೀಯಾ, ಮರ್ಡೋ? ನಾನು ಇರಲೋ, ಹೋಗಲೋ?"

"ಈ ಒಂದು ಮೀನು ಆಗಲಿ, ಎಲ್ಸ್‌ಪೆತ್."

ಮೀನನ್ನು ಮರುಳುಮಾಡಲು ಗಾಳಕ್ಕೆ ಗರಿ ಸುತ್ತಿ ಕಟ್ಟಿದ ಅವನ ಹುಸಿನೊಣ ತೇಲುತ್ತ ಹೋಗಿ ಫಕ್ಕನೆ ಮಾಯವಾಯಿತು. ಗಾಳದ ಕೋಲು ಬಿಲ್ಲಾಗಿ ಬಾಗಿತು; ದೊಡ್ಡ ಟ್ರೌಟ್ ಮೀನೊಂದು ಬೆಳ್ಳಿಯ ಬಿರುಸಿನಂತೆ ಮೇಲಕ್ಕೆ ಚಿಮ್ಮಿ ಆಳಕ್ಕೆ ಧಾವಿಸಿತು. ಮರ್ಡೋ ಕಟ್ಟಿದ್ದು ಕೂದಲಿನಷ್ಟು ತೆಳ್ಳನೆಯ ಎಳೆ. ಮೀನಿಗೂ ಒಂದು ಅವಕಾಶವಿರಲಿ ಎಂಬುದು ಅವನು ಅಭಿಮಾನದಿಂದ ಪಾಲಿಸುತ್ತಿದ್ದ ಸಭ್ಯತೆ. ಆದ್ದರಿಂದ ಈಗ ಬಲವಾಗಿ ಸೆಳೆಯಲಾರ, ಬಿಡಲೂ ಆರ. ಮೀನು ಓಡಿದರೆ ಎಳೆ ಸಡಿಲಿಸುವನು, ದಣಿದರೆ ಸುತ್ತಿಕೊಳ್ಳುವನು, ಮತ್ತೆ ಸಡಿಲಿಸುವನು…

"ಕೋಲು ಪಕ್ಕಕ್ಕೆ ವಾಲಿಸಿ ಬೇಗ ತಂದ್ಬಿಡು. ಈ ಬಿಸಿನೀರಲ್ಲಿ ಅದಕ್ಕೆ ಉಸಿರು ಸಾಲಲ್ಲ."

"ಜೋರು ಮಾಡಿದ್ರೆ ಎಳೆ ತುಂಡಾಗುತ್ತೆ. ಹೇಗೂ ವಾಪಸ್ ಬಿಡೋ ಮೀನು. ಪಾಪ, ನಿಧಾನವಾಗಿ ಬರಲಿ."

ಸೇತುವೆಯ ಮೇಲೆ ನಾಯಿಯೊಡನೆ ಹೊರಟಿದ್ದ ಮುದುಕಿ ಗ್ರೀಜಲ್ ಕಟ್ಟೆಗೆ ಒರಗಿ ನಿಂತಳು.

"ಏನಪ್ಪಾ ಮರ್ಡೋ, ಹಿಡೀತಿದ್ದೀಯೋ, ಮಾತಾಡ್ಸ್ತಿದ್ದೀಯೋ? ನೀನು ದಡ ಸೇರ್ಸೋ ಹೊತ್ಗೆ ಅದಕ್ಕೂ ನನ್ನ ವಯಸ್ಸಾಗಿರುತ್ತೆ."

"ನೀವು ನಡೀರಜ್ಜಿ, ನಿಮ್ಮ ನಾಯಿಗೆ ಬೇಜಾರಾಗುತ್ತೆ" ಎಂದು ಅವನು ನಕ್ಕ. ಎಲ್ಸ್‌ಪೆತ್ ನಗಲಿಲ್ಲ.

ಕೊನೆಗೆ ಮೀನಿನ ತಲೆ ನೀರಿನಿಂದ ಮೇಲೆದ್ದಿತು. ಅವಳು ಮುಳುಗಿಸಿ ಹಿಡಿದ ಬಲೆಯ ಮೇಲಕ್ಕೆ ಅವನು ಅದನ್ನು ಜಾರಿಸಿದ, ಅವಳು ಎತ್ತಿದಳು. ಒಣಗೈ ತಗುಲಿದರೆ ಮೈಯ ಲೋಳೆ ಕಿತ್ತು ಬರುತ್ತದೆಂದು ಮರ್ಡೋ ಎರಡೂ ಕೈ ಒದ್ದೆ ಮಾಡಿಕೊಂಡು, ಗಾಳವನ್ನು ಬೆರಳ ತುದಿಯಿಂದಲೇ ಬಿಡಿಸಿದ. ಬೆಣ್ಣೆಬಣ್ಣದ ಪಕ್ಕೆ, ಅದರ ಮೇಲೆ ಕುಂಕುಮದ ಹನಿಗಳಂಥ ಚುಕ್ಕೆಗಳು! ತಲೆಯನ್ನು ಹರಿವಿಗೆದುರಾಗಿಸಿ, ಹೊಟ್ಟೆಯ ಕೆಳಗೆ ಅಂಗೈಯಿಟ್ಟು ಬಹಳ ಹೊತ್ತು ಹಿಡಿದಿದ್ದ. ಬಾಲ ಅಲುಗಿತು. ಮೀನು ಸರಿದು ಹೋಯಿತು.

"ನೋಡ್ದ್ಯಾ? ಹೋಯ್ತು" ಎಂದ ಅವನು, ಹಗುರಾಗಿ.

ತುಸು ಕೆಳಗೆ, ಬಂಡೆಯ ಮಗ್ಗುಲಲ್ಲಿ, ಬೆಳ್ಳನೆಯ ಹೊಟ್ಟೆಯೊಂದು ನಿಧಾನವಾಗಿ ಮೇಲಾಯಿತು. ಎಲ್ಸ್‌ಪೆತ್ ನೀರು ಸೀಳಿಕೊಂಡು ಹೋಗಿ ಎತ್ತಿಕೊಂಡಳು. ಕಿವಿರು ಇನ್ನೂ ವ್ಯರ್ಥವಾಗಿ ತೆರೆದು ಮುಚ್ಚುತ್ತಿತ್ತು.

"ಇನ್ನು ಬದುಕಲ್ಲ. ಮುಗಿಸ್ಬೇಕು, ಮರ್ಡೋ."

ಅವನು ಮುಖ ತಿರುಗಿಸಿದ. "ನನ್ನ ಕೈಲಿ ಆಗಲ್ಲ. ನೀನೇ…"

ಅವನ ಚೀಲದಿಂದ ಪುಟ್ಟ ಮರದ ಕೊಡತಿ ತೆಗೆದು ಅವಳೇ ಮೀನಿನ ನೆತ್ತಿಗೆ ಹೊಡೆದಳು. ಮೈಯುದ್ದಕ್ಕೂ ಒಂದು ನಡುಕ ಹರಿದು ನಿಂತಿತು. ಬಣ್ಣಗಳು ಅವಳು ನೋಡುತ್ತಿದ್ದಂತೆಯೇ ಮಾಸತೊಡಗಿದವು.

"ಈಗ ಹೇಳು."

"ನಿನಗೆ ನೋವಾಗ್ಬಾರ್ದು ಅಂತಲೇ ನಾನು ಇಷ್ಟು ದಿನ…"

"ಗೊತ್ತು. ಇರಲೋ, ಹೋಗಲೋ?"

ಮರ್ಡೋ ಸಡಿಲವಾಗಿದ್ದ ಎಳೆಯನ್ನು ಕೊನೆಯವರೆಗೂ ಸುತ್ತಿಕೊಂಡ.

"ಹೋಗು" ಎಂದ ಅವನು. "ನಿನ್ನ ಮೇಲೆ ಇದ್ದ ಪ್ರೀತಿ ಯಾವಾಗಲೋ ಹೋಯ್ತು, ಎಲ್ಸ್‌ಪೆತ್. ಹೇಳೋಕೆ ಧೈರ್ಯ ಬರಲಿಲ್ಲ."

ಆ ಮಾತು ಅವಳ ಎದೆಯನ್ನು ಆರಪಾರ ಸೀಳಿತು. ಆದರೆ ಸೀಳಿದ ಮೇಲೆ ಅವಳಿಗೆ ಅಚ್ಚರಿಯೆನಿಸಿದ್ದು ಬೇರೆ: ಇನ್ನು ಹೆದರುವುದಕ್ಕೆ ತನಗೆ ಏನೂ ಉಳಿದಿರಲಿಲ್ಲ. ಕೈ ತೊಳೆದುಕೊಂಡು, ಹಿಂದಿರುಗಿ ನೋಡದೆ, ಅವಳು ದಡ ಹತ್ತಿದಳು.

ಸಹೃದಯರೆ, ಕ್ರೌರ್ಯವು ತನ್ನ ಸ್ವರೂಪದಲ್ಲೇ ಬಂದರೆ ಮನುಷ್ಯಹೃದಯ ಅದನ್ನು ಗುರುತಿಸಿ ಬಾಗಿಲು ಮುಚ್ಚೀತು. ಅದೇ ದಯೆಯ ದನಿಯಲ್ಲಿ ಕರೆದರೆ ಎದ್ದು ಹೋಗಿ ಅಗುಳಿ ತೆಗೆಯುತ್ತದೆ. ನೋವಿಗೆ ಅಂಜಿ ಮುಚ್ಚಿಟ್ಟ ಸತ್ಯ ಕೊನೆಗೆ ನೋವನ್ನೇ ಕೊಡುತ್ತದೆ. ಅಷ್ಟರಲ್ಲಿ, ಅದನ್ನು ತಾಳಿಕೊಳ್ಳಬಹುದಾಗಿದ್ದ ವಯಸ್ಸು ಮಾತ್ರ ಕಳೆದುಹೋಗಿರುತ್ತದೆ…