ಸೇತುವೆಯ ನಡುವೆ ಎಡಕ್ಕೆ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನನ್ನ ಗಂಡ, "ನಕ್ಷೆಗಳನ್ನ ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಸುರೀತಾಳೆ" ಎಂದು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕಚೇರಿಗೆ ಊರಿನ ರಸ್ತೆಗಳೆಲ್ಲ ಬರೀ ಗೆರೆಗಳಾಗಿ ಬರುತ್ತವೆ. ಎಂಜಿನಿಯರು ಎಳೆದ ಗೆರೆಗೆ ತಾನೊಂದು ರಸ್ತೆ ಎಂಬುದೇ ಗೊತ್ತಿರುವುದಿಲ್ಲ. ಯಾವುದು ಯಾವುದನ್ನು ಎಲ್ಲಿ ಕೂಡುತ್ತದೆ, ಎಲ್ಲಿ ತಿರುಗಬಹುದು, ಎಲ್ಲಿ ತಿರುಗಿದರೆ ಗ್ರಹಚಾರ ಎಂದು ಒಂದೊಂದನ್ನೂ ಹೇಳಿಕೊಟ್ಟು, ಫೈಲನ್ನು ಜಿಪಿಎಸ್‌ಗೆ ಅರ್ಥವಾಗುವ ರೂಪಕ್ಕೆ ತರುವುದು ನನ್ನ ಕೆಲಸ. ಇಷ್ಟು ವರ್ಷ ಮಾಡಿಯೂ, ಸುಮ್ಮನೆ ಬಿದ್ದಿದ್ದ ಗೆರೆಗಳ ಮೇಲೆ ಮೊದಲ ಸಲ ನೀಲಿ ದಾರಿ ಸರ್ರನೆ ಓಡಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ಇದನ್ನು ಸುರಿಯುವುದು ಎನ್ನುವವರ ಜೊತೆ ಸಂಸಾರ ಮಾಡಿಕೊಂಡಿದ್ದೇನೆ.

ನಮ್ಮ ಅತ್ತೆಗೆ ಹೋದ ವರ್ಷ ದೃಷ್ಟಿ ಮಂಕಾಗತೊಡಗಿತು. ಈ ವರ್ಷ ಪೂರ್ತಿ ಹೋಯಿತು. ಡಾಕ್ಟರು ಕೈಚೆಲ್ಲಿದರು. ಅತ್ತೆ ಅತ್ತಿದ್ದನ್ನು ನಾನು ನೋಡಲಿಲ್ಲ; ಆದರೆ ಹೊಲಿಗೆ ಗೆಳತಿಯ ಮನೆಗೆ ಹೋಗುವುದು ನಿಂತ ದಿನದಿಂದ ಅವರು ಊಟಕ್ಕೆ ಕರೆದರೂ ಏಳದಾದರು. ಗೆಳತಿ ಮಿಷನ್ ತುಳಿಯುವಾಗ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಾ, ಊರವರ ಸುದ್ದಿಯನ್ನೆಲ್ಲ ಬಿಚ್ಚಿ ಹೊಲಿಯುವುದು ಅವರ ಎಷ್ಟೋ ವರ್ಷದ ರೂಢಿ.

ಬೇರೆ ಊರಿನಲ್ಲಿರುವ ಭಾವ, ಅಂದರೆ ನನ್ನ ಗಂಡನ ಅಣ್ಣ, ಫೋನ್ ಮಾಡಿದರು. "ನೀವಿಬ್ರೂ ಹಗಲೆಲ್ಲಾ ಕೆಲಸಕ್ಕೆ ಹೋಗ್ತೀರಿ. ಅಮ್ಮ ಇಲ್ಲಿಗೇ ಬಂದುಬಿಡಲಿ. ನೋಡ್ಕೊಳ್ಳೋಕೆ ನರ್ಸ್ ಇಡ್ತೀನಿ. ಭಾನುವಾರ ಸಂಜೆ ಕಾರು ಕಳಿಸ್ತೀನಿ." ಒಳ್ಳೆಯ ಮಾತೇ. ಭಾವ ಕೆಟ್ಟವರಲ್ಲ. ಆದರೆ ಅವರ ಮನೆ ಹದಿನಾಲ್ಕನೇ ಮಹಡಿಯಲ್ಲಿದೆ.

"ಅಲ್ಲಿ ನನ್ನನ್ನ ಶೋಕೇಸಲ್ಲಿಟ್ಟ ಪಿಂಗಾಣಿ ಹಾಗೆ ನೋಡ್ಕೋತಾರೆ" ಎಂದರು ಅತ್ತೆ. "ದಿನಾ ಧೂಳು ಒರೆಸ್ತಾರೆ, ಕೆಳಗಿಳಿಸಲ್ಲ."

ನನ್ನ ಗಂಡ ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಡುವವರು. ಅಂದು ಮಾತ್ರ ಖಚಿತವಾಗಿ ಹೇಳಿದರು. "ಅಮ್ಮಾ, ಭಾನುವಾರ ಬೆಳಿಗ್ಗೆ ನೀನೊಬ್ಬಳೇ ಗೆಳತಿ ಮನೆಗೆ ಹೋಗಿ, ಒಬ್ಬಳೇ ವಾಪಸ್ ಬಾ. ಬಂದ್ರೆ ಕಾರು ಬೇಡ ಅಂತ ಅಣ್ಣಂಗೆ ನಾನೇ ಹೇಳ್ತೀನಿ. ಆದ್ರೆ ನಾವ್ಯಾರೂ ಕೈ ಹಿಡಿಯೋ ಹಾಗಿಲ್ಲ, ಬಾಯಿ ಬಿಡೋ ಹಾಗಿಲ್ಲ."

ಆಗುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳಿದ ಮಾತು ಅದು. ನನಗೆ ಹಟ ಬಂತು.

ನಾವು ಕಚೇರಿಯಲ್ಲಿ ಮಾಡುವ ನಕ್ಷೆಗಳು ವಾಹನಗಳಿಗೆ. ನಡೆಯುವವರು ಅದರಲ್ಲಿ ಇಲ್ಲವೇ ಇಲ್ಲ. ಮೇಲಧಿಕಾರಿಯನ್ನು ಕೇಳಿ ನಮ್ಮ ಬಡಾವಣೆಯ ಕಾಲುದಾರಿಗಳ ಡ್ರಾಯಿಂಗ್ ತಂದೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬಿಟ್ಟುಹೋದ ಗೆರೆಗಳನ್ನು ಕೂಡಿಸಿದೆ. ಮೆಟ್ಟಿಲಿಗೆ ಮೆಟ್ಟಿಲು, ಗೇಟಿಗೆ ಗೇಟು ಎಂದು ಹೆಸರು ಕೊಟ್ಟೆ. ರಸ್ತೆಗಳ ಜೊತೆ ಸೇರಿಸಿ ಫೈಲ್ ಬದಲಾಯಿಸಿ ಅತ್ತೆಯ ಫೋನಿಗೆ ಹಾಕಿದೆ. ಪರದೆಯ ಮೇಲೆ ನಮ್ಮ ಮನೆಯಿಂದ ಗೆಳತಿಯ ಮನೆಗೆ ನೀಲಿ ದಾರಿ ಚೆನ್ನಾಗಿಯೇ ಓಡಿತು.

"ಇದಕ್ಕೆ ನಾನೆಲ್ಲಿದ್ದೀನಿ ಅಂತ ಯಾರು ಹೇಳ್ತಾರೆ?" ಅತ್ತೆ ಫೋನನ್ನು ಕೈಯಲ್ಲಿ ತೂಗಿ ನೋಡುತ್ತಾ ಕೇಳಿದರು.

"ಮೇಲೆ ಉಪಗ್ರಹಗಳಿವೆ ಅತ್ತೆ. ಸಾವಿರಾರು ಮೈಲಿ ಮೇಲೆ."

"ಅಷ್ಟು ಮೇಲಿಂದ ನನ್ನ ನೋಡ್ತಾವಾ?"

"ನೋಡಲ್ಲ. ಅವಕ್ಕೆ ನೀವಿರೋದೇ ಗೊತ್ತಿಲ್ಲ. ಈಗ ಗಂಟೆ ಎಷ್ಟು ಅಂತ ಸುಮ್ನೆ ಕೂಗ್ತಾ ಇರ್ತಾವೆ. ಯಾವುದರ ಕೂಗು ಎಷ್ಟು ತಡವಾಗಿ ಬಂತು ಅಂತ ಕೇಳಿಸ್ಕೊಂಡು, ನೀವೆಲ್ಲಿದ್ದೀರಿ ಅಂತ ಈ ಫೋನೇ ಲೆಕ್ಕ ಹಾಕ್ಕೊಳ್ಳುತ್ತೆ."

ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡರು. "ಅಂದ್ರೆ ಅವಕ್ಕೂ ಕಣ್ಣಿಲ್ಲ, ಇದಕ್ಕೂ ಕಣ್ಣಿಲ್ಲ, ನನಗೂ ಇಲ್ಲ. ಬರೀ ಕೇಳಿಸ್ಕೊಂಡೇ ದಾರಿ ಹುಡ್ಕೋದು" ಎಂದು ಜೋರಾಗಿ ನಕ್ಕರು. ದಿನಾ ಮುಟ್ಟುವ ವಿಷಯ; ಆದರೂ ನನಗೆ ಅವತ್ತೇ ಅದು ಅರ್ಥವಾದಂತಾಗಿ ಕೈ ಕೆಲಸ ನಿಂತುಬಿಟ್ಟಿತು. ನೆತ್ತಿಯ ಮೇಲೆ ಅಷ್ಟೊಂದು ಗಡಿಯಾರಗಳು ಕೂಗುತ್ತಿದ್ದರೂ ನಾನು ಒಂದು ಸಲವೂ ತಲೆಯೆತ್ತಿರಲಿಲ್ಲ.

ಭಾನುವಾರ ಅತ್ತೆ ಕೋಲು ಹಿಡಿದು, ಫೋನನ್ನು ಕೊರಳಿಗೆ ನೇತುಹಾಕಿಕೊಂಡು, ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿ ಹೊರಟರು. ಇನ್ನೊಂದು ಕಿವಿ ಊರಿಗೆ ಬೇಕಂತೆ. ನಾವಿಬ್ಬರೂ ಸ್ವಲ್ಪ ಹಿಂದೆ, ತುಟಿ ಪಿಟಕ್ಕೆನ್ನದೆ ನಡೆದೆವು. ಅವರ ಫೋನು ಹೇಳುವುದೆಲ್ಲ ನನ್ನ ಫೋನಿಗೂ ಬರುವಂತೆ ಮಾಡಿಕೊಂಡಿದ್ದೆ. ಮೊದಲ ತಿರುವಿನಲ್ಲಿ "ಬಲಕ್ಕೆ ತಿರುಗಿ" ಎಂದಿತು, ಅತ್ತೆ ತಿರುಗಿದರು. ಔಷಧಿ ಅಂಗಡಿ ದಾಟಿದರು. "ಮುಂದೆ ಮೆಟ್ಟಿಲು" ಎಂದಿತು. ಕೋಲು ಮೆಟ್ಟಿಲನ್ನು ಮುಟ್ಟಿತು.

ಮೆಟ್ಟಿಲು ಹತ್ತಿದರೆ ಹೆದ್ದಾರಿ ದಾಟುವ ಕಾಲುಸೇತುವೆ. ಕೆಳಗೆ ಲಾರಿಗಳ ಅಬ್ಬರ. ಅತ್ತೆ ನಡುವಿಗೆ ಬಂದರು. ಆಗ ಫೋನು ಶಾಂತವಾಗಿ ಹೇಳಿತು: "ಎಡಕ್ಕೆ ತಿರುಗಿ."

ಸೇತುವೆಯ ನಡುವೆ ಎಡಕ್ಕೆ ಏನಿದೆ? ಕಟಕಟೆ ಇದೆ, ಕಟಕಟೆಯಾಚೆ ಗಾಳಿ ಇದೆ. ನಾನು ಮಾಡಿದ ತಪ್ಪು ಅಲ್ಲೇ ಹೊಳೆಯಿತು. ಪ್ರತಿ ಗೆರೆಗೂ ಅದರ ಮಟ್ಟ ಬರೆಯಬೇಕು: ನೆಲದ ರಸ್ತೆಗೆ ಸೊನ್ನೆ, ಸೇತುವೆಗೆ ಒಂದು. ಕಚೇರಿಯ ಫೈಲುಗಳಲ್ಲಿ ಅದು ತುಂಬಿಕೊಂಡೇ ಬರುತ್ತದೆ. ಈ ಡ್ರಾಯಿಂಗಿನಲ್ಲಿ ಇರಲಿಲ್ಲ, ನಾನು ನೋಡಲೂ ಇಲ್ಲ. ಗೆರೆಯ ಮೇಲೆ ಗೆರೆ ಹಾದದ್ದೇ ತಡ, ಸಾಫ್ಟ್‌ವೇರ್ ಅದನ್ನು ದಾರಿಗಳು ಕೂಡುವ ಚೌಕ ಮಾಡಿಬಿಟ್ಟಿತ್ತು. ಗೆಳತಿಯ ಮನೆ ಹೆದ್ದಾರಿಯ ಪಕ್ಕದಲ್ಲೇ, ಎಡಕ್ಕಿದೆ. ಇಲ್ಲಿಂದಲೇ ಕೆಳಕ್ಕಿಳಿದರೆ ಹತ್ತಿರ ಎಂದು ಲೆಕ್ಕ ಹಾಕಿತ್ತು. ಮೇಲಿನಿಂದ ನೋಡುವ ನನಗೂ ಪರದೆಯ ಮೇಲೆ ಅದು ಸರಿಯಾಗೇ ಕಂಡಿತ್ತು.

ಅತ್ತೆ ಎಡಕ್ಕೆ ತಿರುಗಿದರು. ನಾನು ಬಾಯಿ ತೆರೆದೆ. ಗಂಡ ನನ್ನ ಮುಂಗೈ ಹಿಡಿದರು. ಆದರೆ ಅವರೇ ಒಂದು ಹೆಜ್ಜೆ ಮುಂದಿಟ್ಟಿದ್ದರು.

ಕೋಲು ಕಟಕಟೆಗೆ ಟಣ್ಣೆಂದು ಬಡಿಯಿತು. ಅತ್ತೆ ನಿಂತರು. ಎದುರಿಂದ ಹೆಜ್ಜೆ ಸಪ್ಪಳ ಕೇಳಿ, "ಯಾರಪ್ಪಾ ಅದು? ಇಲ್ಲಿ ಎಡಕ್ಕೆ ದಾರಿ ಇದೆಯಾ?" ಎಂದರು.

"ಅಯ್ಯೋ, ಇಲ್ಲಮ್ಮಾ! ಸೇತುವೆ ಇದು. ನೇರ ಹೋಗಿ, ಮೆಟ್ಟಿಲು ಸಿಗುತ್ತೆ" ಎಂದ ದಾರಿಹೋಕ.

"ನನ್ನ ಸೊಸೆ ನಕ್ಷೇಲಿ ಇದೆಯಂತೆ" ಎಂದು ನಗುತ್ತಾ ಅತ್ತೆ ನೇರ ನಡೆದರು. ನಾಚಿಕೆಯಿಂದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಕೆಳಗಿಳಿದು, ದಾರಿ ಮತ್ತೆ ಸರಿಹೋಗಿ, ಗೆಳತಿಯ ಮನೆಯ ಬಾಗಿಲು ತಟ್ಟಿದರು.

"ಸಾಕು" ಎಂದರು ಗಂಡ ಒಳಗೆ ಬಂದು ಕೂತವರೇ. ಮುಖ ಬಿಳಚಿಕೊಂಡಿತ್ತು. "ಇವತ್ತು ಕಟಕಟೆ ಇತ್ತು. ನಾಳೆ ಇಲ್ದಿದ್ರೆ?"

"ತಪ್ಪು ಮಾಡಿದ್ದು ನಿನ್ನ ಹೆಂಡ್ತಿ, ನಾನಲ್ಲ" ಎಂದರು ಅತ್ತೆ. "ಹೋಗಿ ಬಾ ಅಂತ ನೀನೇ ಅಂದಿದ್ದೆ. ಹೋಗಿದ್ದಾಯ್ತು, ಬರೋದು ಬಾಕಿ ಇದೆ. ಏನೇ, ಅದನ್ನ ಇಲ್ಲೇ ಸರಿ ಮಾಡೋಕಾಗುತ್ತಾ?"

ಬಟ್ಟೆ ಚೂರುಗಳನ್ನು ಸರಿಸಿ ಗೆಳತಿ ಜಾಗ ಮಾಡಿಕೊಟ್ಟರು. ಚೀಲದಿಂದ ಲ್ಯಾಪ್‌ಟಾಪ್ ತೆಗೆದೆ. ಬಡಾವಣೆಯ ಪ್ರತಿ ಸೇತುವೆಗೂ ಮಟ್ಟ ಒಂದು ಎಂದು ಬರೆದೆ. ಫೈಲನ್ನು ಮತ್ತೆ ಬದಲಾಯಿಸಿ ಅತ್ತೆಯ ಫೋನಿಗೆ ಹಾಕಿದೆ. ಈ ಸಲ ಬೆರಳಿಟ್ಟು ಒಂದೊಂದೇ ತಿರುವನ್ನು ನೋಡಿದೆ. ಚೌಕ ಮಾಯವಾಗಿತ್ತು.

"ಈಗ ನೀವ್ಯಾರೂ ಹಿಂದೆ ಬರಬೇಡಿ" ಎಂದರು ಅತ್ತೆ ಬಾಗಿಲಲ್ಲಿ. "ನಿಮ್ಮಿಬ್ಬರ ಉಸಿರೇ ನನ್ನ ಕಿವಿ ತುಂಬಿಬಿಡುತ್ತೆ."

ಅವರ ಫೋನು ಎಲ್ಲಿದೆ ಎಂಬುದು ನನ್ನ ಪರದೆಯ ಮೇಲೆ ಒಂದು ಚುಕ್ಕೆಯಾಗಿ ಕಾಣುತ್ತಿತ್ತು. ಗಂಡ, ಗೆಳತಿ, ನಾನು, ಮೂವರೂ ತಲೆಗೆ ತಲೆ ಕೊಟ್ಟು ನೋಡಿದೆವು. ಚುಕ್ಕೆ ಮೆಟ್ಟಿಲು ಹತ್ತಿತು. ಸೇತುವೆಯ ನಡುವಿಗೆ ಬಂತು. ನಿಲ್ಲಲಿಲ್ಲ, ತಿರುಗಲಿಲ್ಲ, ದಾಟಿಯೇ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ನಾನು ಎಳೆದ ಗೆರೆಯ ಮೇಲೆ ಒಂದು ಜೀವ ನಡೆಯುತ್ತಿತ್ತು!

ಔಷಧಿ ಅಂಗಡಿ. ನಮ್ಮ ಬೀದಿ. ನಮ್ಮ ಗೇಟು. ಗಂಡ ದೊಡ್ಡ ಉಸಿರು ಬಿಟ್ಟರು.

ಚುಕ್ಕೆ ಗೇಟಿನಲ್ಲಿ ನಿಲ್ಲಲಿಲ್ಲ. ಮುಂದೆ ಹೋಯಿತು. ಬೀದಿಯ ಕೊನೆ ಮುಟ್ಟಿ, ಗೆರೆಯನ್ನೇ ಬಿಟ್ಟು, ನಕ್ಷೆಯಲ್ಲಿ ನಾನು ಏನೂ ಬರೆಯದ ಬಿಳಿ ಜಾಗಕ್ಕೆ ಇಳಿಯಿತು.

"ಎಲ್ಲಿಗೆ ಹೋಗ್ತಿದ್ದಾಳೆ?" ಎಂದು ಗಂಡ ಎದ್ದು ಓಡಿದರು. ಹಿಂದೆಯೇ ನಾನೂ ಓಡಿದೆ.

ಬೀದಿಯಾಚೆಯ ಖಾಲಿ ಮೈದಾನ ಅದು. ಅಲ್ಲಿ ಯಾವ ದಾರಿಯೂ ಇಲ್ಲ, ಹುಲ್ಲು ಮಾತ್ರ. ನಟ್ಟನಡುವೆ ಅತ್ತೆ ನಿಂತಿದ್ದರು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಮುಖ ಆಕಾಶಕ್ಕಿತ್ತು. ಇಯರ್‌ಫೋನನ್ನು ಕಿತ್ತುಹಾಕಿದ್ದರು; ಕೊರಳಲ್ಲಿ ಫೋನು "ನೀವು ದಾರಿ ಬಿಟ್ಟಿದ್ದೀರಿ, ನೀವು ದಾರಿ ಬಿಟ್ಟಿದ್ದೀರಿ" ಎಂದು ಗೋಗರೆಯುತ್ತಿತ್ತು.

"ಅಮ್ಮಾ, ಮನೆ ಹಿಂದೇನೇ ಉಳೀತಲ್ಲ!" ಗಂಡ ಏದುಸಿರು ಬಿಡುತ್ತಾ ಹೇಳಿದರು.

"ಗೊತ್ತು ಕಣೋ. ಗೇಟು ಮುಟ್ಟಿ ನೋಡಿದೆ" ಎಂದರು ಅತ್ತೆ. "ಹೇಗೂ ಬಂದಿದ್ದೀನಿ, ಇನ್ನೊಂಚೂರು ಹೋಗೋಣ ಅನ್ನಿಸ್ತು."

ಗಂಡ ಕೈ ಚಾಚಿದವರು ಹಾಗೆಯೇ ನಿಂತರು. ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಭಾವ. ಕಾರು ಅಲ್ಲಿಂದ ಹೊರಡುತ್ತಿದೆಯಂತೆ, ಅಮ್ಮನ ಬಟ್ಟೆಬರೆ ಕಟ್ಟಿಡಬೇಕಂತೆ.

"ಕಾರು ಬೇಡ ಅಣ್ಣಾ" ಎಂದರು ನನ್ನ ಗಂಡ, ತಾಯಿಯ ಮುಖದಿಂದ ಕಣ್ಣು ತೆಗೆಯದೆ. "ಅಮ್ಮ ಮನೇಲಿಲ್ಲ. ಹೊರಗೆ ಹೋಗಿದ್ದಾಳೆ."